ತುಟಿ ಜುಮ್ಮೆಂದಾಗ ಔಷಧಿ ಹಿಡಿಯಿತು ಅಂದುಕೊಂಡೆ

ನರದ ನೋವಿಗೆ ವತ್ಸನಾಭಿ ಬೇರಿನ ಕಷಾಯ ಕುಡಿಯಬೇಕು ಅಂತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ.

ನನಗೆ ಸಯಾಟಿಕಾ. ಸೊಂಟದಿಂದ ಹಿಮ್ಮಡಿವರೆಗೆ ಬರೆ ಎಳೆದ ಹಾಗೆ ನೋವು. ರಾತ್ರಿ ಮಗ್ಗಲು ಬದಲಿಸಲೂ ಆಗುತ್ತಿರಲಿಲ್ಲ. ಅಷ್ಟು ದಿನ ನಿದ್ದೆ ಕೆಟ್ಟ ಮೇಲೆ ಯಾರು ಏನು ಹೇಳಿದರೂ ಕೇಳುವ ಹಾಗಾಗುತ್ತದೆ, ಅಲ್ವಾ? ಪರಿಚಯದವರೊಬ್ಬರು ಒಣಗಿದ ಬೇರು ಕೊಟ್ಟು, "ಹಳೇ ಕಾಲದ ಮದ್ದು, ಒಂದು ಚೂರು ಕುದಿಸಿ ಕುಡಿಯಿರಿ" ಎಂದರು. ಹಳೇ ಮದ್ದು ಅನ್ನುವುದು ಸುಳ್ಳಲ್ಲ. ಯುರೋಪಿನಲ್ಲೂ 19ನೇ ಶತಮಾನದಲ್ಲಿ ಇದೇ ಜಾತಿಯ ಗಿಡದ ಸಾರವನ್ನು ಮುಖದ ನರದ ನೋವಿಗೆ ಬಳಸುತ್ತಿದ್ದರು. ಆದರೆ ಆಯುರ್ವೇದದಲ್ಲಿ ಇದನ್ನು ಗೋಮೂತ್ರದಲ್ಲಿ ನೆನೆಸಿ ಇಲ್ಲವೇ ಹಾಲಿನಲ್ಲಿ ಬೇಯಿಸಿ, ಶುದ್ಧಿ ಮಾಡಿದ ಮೇಲೆಯೇ ಕೊಡುತ್ತಾರೆ. ಆ ಮಾತನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕುಡಿದು ಅರ್ಧ ಗಂಟೆಗೆ ತುಟಿ, ನಾಲಿಗೆ ಜುಮ್ಮೆಂದವು. ಆಮೇಲೆ ಬೆರಳ ತುದಿ. ಕಾಲಿನ ನೋವೂ ಸ್ವಲ್ಪ ಮಂಕಾದಂತೆ ಅನಿಸಿತು. ಔಷಧಿ ಹಿಡಿಯುತ್ತಿದೆ ಅಂತ ಖುಷಿಯಿಂದ ಸುಮ್ನೆ ಮಲಗಿದೆ. ಆ ಖುಷಿಗೆ ಪ್ರಾಣವೇ ಹೋಗಬೇಕಿತ್ತು. ಸ್ವಲ್ಪ ಹೊತ್ತಿಗೆ ವಾಂತಿ. ಏಳಲು ಹೋದರೆ ಕಾಲಲ್ಲಿ ಬಲವಿಲ್ಲ. ಎದೆ ಒಮ್ಮೆ ಜೋರಾಗಿ ಬಡಿಯುತ್ತದೆ, ಒಮ್ಮೆ ಬಡಿತವೇ ತಪ್ಪುತ್ತದೆ. ಮನೆಯವರು ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಈ ಬೇರಿನಲ್ಲಿ ಅಕೋನಿಟಿನ್ ಎಂಬ ವಿಷ ಇದೆ. ನರಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳನ್ನು ಅದು ಮುಚ್ಚಲು ಬಿಡುವುದಿಲ್ಲ. ಹಾಗಾಗಿ ನರ ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಹೃದಯದಲ್ಲೂ ಅಂಥದ್ದೇ ಬಾಗಿಲುಗಳಿವೆ. ಅಂದರೆ ನಾನು ಗುಣ ಅಂದುಕೊಂಡಿದ್ದು ವಿಷ ಏರುತ್ತಿದ್ದ ಗುರುತು. ಶುದ್ಧ ಅಕೋನಿಟಿನ್ 2 ಮಿಲಿಗ್ರಾಂ ಆದರೂ ಜೀವ ತೆಗೆಯಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಎದೆಬಡಿತ ತಪ್ಪದಂತೆ ಕಾಯುತ್ತಾ, ವಿಷ ಇಳಿಯುವವರೆಗೆ ಉಳಿಸಿಕೊಳ್ಳಬೇಕು ಅಷ್ಟೇ.

ಜಾಸ್ತಿ ಹೊತ್ತು ಕುದಿಸಿದರೆ ವಿಷ ಕಡಿಮೆಯಾಗುವುದು ನಿಜ. ಎಷ್ಟು ಕಡಿಮೆಯಾಯಿತು ಅಂತ ಬಣ್ಣ ನೋಡಿ ತಿಳಿಯುವುದಿಲ್ಲ. ಎರಡು ಬೇರುಗಳಲ್ಲಿ ವಿಷ ಒಂದೇ ಸಮ ಇರುವುದೂ ಇಲ್ಲ. ಎಣ್ಣೆಗೆ ಹಾಕಿ ಹಚ್ಚಿದರೆ ಏನಾಗಲ್ಲ ಅನ್ನುವವರಿದ್ದಾರೆ. ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಗಾಯವಿದ್ದರಂತೂ ಇನ್ನೂ ಬೇಗ.

ಈಗಾಗಲೇ ಕುಡಿದು ತುಟಿ ಜುಮ್ಮೆನ್ನುತ್ತಿದ್ದರೆ ಮಲಗಬೇಡಿ. ತಾನೇ ಇಳಿಯುತ್ತದೆ ಅಂತ ಕಾಯಬೇಡಿ. ಈ ಕ್ಷಣವೇ ಯಾರನ್ನಾದರೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಉಳಿದ ಬೇರನ್ನು ಪೊಟ್ಟಣ ಕಟ್ಟಿ ಡಾಕ್ಟರಿಗೆ ತೋರಿಸಿ.