ಆಡಿಯೋ ಇಂಟರ್‌ಫೇಸ್ ಕಾಣಿಸಲಿಲ್ಲ ಅಂತ ಉಬುಂಟುವಿನ ಸೌಂಡ್ ಕಿತ್ತುಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಉಬುಂಟು (ಲಿನಕ್ಸ್‌ನ ಒಂದು ಬಗೆ) ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಸಿಕ್ಕಿಸಿದಾಗ ಅದು ಕಾಣಿಸದೇ ಇದ್ದರೆ, ‘ಪಲ್ಸ್‌ಆಡಿಯೋ, ಆಲ್ಸಾ ಎರಡನ್ನೂ ಪೂರ್ತಿ ತೆಗೆದು ಮತ್ತೆ ಹಾಕಿ’ ಅನ್ನುವ ಸಲಹೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಎರಡೂ ಉಬುಂಟುವಿನಲ್ಲಿ ಸೌಂಡ್ ನಡೆಸುವ ಸಾಫ್ಟ್‌ವೇರ್. ದಯವಿಟ್ಟು ಅದನ್ನು ಮಾಡಬೇಡಿ. ನಾನು ಮಾಡಿದೆ. ಅದರಿಂದ ಒಂದು ಸಂಜೆ ಹಾಳಾಯಿತು, ಆ ಸಂಜೆ ಮತ್ತೆ ಬರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ದೀಪಾವಳಿ ಬಂದರೆ ಇಲ್ಲಿ ಅಂಟಿಗೆ-ಪಿಂಟಿಗೆ ಇರುತ್ತದೆ. ರಾತ್ರಿ ದೀಪ ಹಿಡಿದುಕೊಂಡು ಮನೆಮನೆಗೆ ಹೋಗಿ ಪದ ಹಾಡುತ್ತಾರೆ, ಮನೆಯವರು ದೀಪಕ್ಕೆ ಎಣ್ಣೆ ಹಾಕುತ್ತಾರೆ. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ನಮ್ಮ ಪಕ್ಕದ ಮನೆ ಅಜ್ಜನಿಗೆ ಉದ್ದುದ್ದ ಪದಗಳು ಬಾಯಲ್ಲೇ ಇವೆ. ಅವರಿಗೆ ಸರಿಯಾಗಿ ಸೊಲ್ಲು ಕೊಡುವ ಇನ್ನೊಬ್ಬ ಅಜ್ಜ ಇದ್ದರು. ಅವರು ಈಗ ಸಾಗರದ ಕಡೆ ಮಗಳ ಮನೆಯಲ್ಲಿದ್ದಾರೆ. ಆ ವರ್ಷ ಹಬ್ಬಕ್ಕೆ ಅಂತ ಎರಡು ದಿನ ಊರಿಗೆ ಬಂದಿದ್ದರು. ಇಬ್ಬರನ್ನೂ ನಮ್ಮ ಮನೆ ಜಗಲಿಯಲ್ಲಿ ಕೂರಿಸಿ ರೆಕಾರ್ಡ್ ಮಾಡಬೇಕು ಅಂತಲೇ ನಾನು ಶಿವಮೊಗ್ಗದಿಂದ ಎರಡು ಚಾನೆಲ್‌ನ ಇಂಟರ್‌ಫೇಸ್, ಎರಡು ಮೈಕ್ ತಂದಿದ್ದೆ.

ಮಧ್ಯಾಹ್ನ ಜೋಡಿಸಿದೆ. ಡಬ್ಬದ ಜೊತೆ ಬಂದ ಕೇಬಲ್ ಗಿಡ್ಡ. ಜಗಲಿಯಿಂದ ಮೇಜಿನವರೆಗೆ ಮುಟ್ಟಲಿಲ್ಲ. ಮೊಬೈಲ್ ಚಾರ್ಜ್ ಮಾಡುವ ಉದ್ದದ ಕೇಬಲ್ ಇತ್ತು, ತುದಿ ಎರಡೂ ಸರಿ ಹೊಂದಿತು, ಅದನ್ನೇ ಹಾಕಿದೆ. ಇಂಟರ್‌ಫೇಸಿನ ಹಸಿರು ದೀಪ ಹತ್ತಿತು. ಆದರೆ ಸೆಟ್ಟಿಂಗ್ಸ್‌ನ ಇನ್‌ಪುಟ್ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕ್ ಬಿಟ್ಟರೆ ಬೇರೇನೂ ಇಲ್ಲ.

ಇಲ್ಲೇ ನನ್ನ ಲೆಕ್ಕ ತಪ್ಪಿದ್ದು. ದೀಪ ಹತ್ತಿದೆ, ಅಂದಮೇಲೆ ಕೇಬಲ್ ಸರಿ ಇದೆ ಅಂದುಕೊಂಡೆ. ಡಬ್ಬದ ಮೇಲೆ ವಿಂಡೋಸ್, ಮ್ಯಾಕ್ ಅಂತ ಮಾತ್ರ ಬರೆದಿತ್ತು. ಹಾಗಾಗಿ ತೊಂದರೆ ಲಿನಕ್ಸ್‌ನದ್ದೇ, ಡ್ರೈವರ್ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಎರಡೂ ತಪ್ಪು. ಕರೆಂಟ್ ಸಾಗಿಸುವ ತಂತಿ ಬೇರೆ, ಡೇಟಾ ಸಾಗಿಸುವ ತಂತಿ ಬೇರೆ. ಚಾರ್ಜಿಂಗ್‌ಗೆ ಮಾತ್ರ ಅಂತ ಮಾಡಿದ ಕೇಬಲ್‌ನಲ್ಲಿ ಎರಡನೆಯದು ಇರುವುದೇ ಇಲ್ಲ. ಇನ್ನು ಡ್ರೈವರ್ ವಿಷಯ: ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮ ಪಾಲಿಸುವ, ‘ಕ್ಲಾಸ್ ಕಂಪ್ಲಯಂಟ್’ ಅನ್ನುವ ಸಾಧನಗಳಿಗೆ ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಬೇಕಿಲ್ಲ, ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಜೊತೆಗೇ ಬರುತ್ತದೆ. ನನ್ನದೂ ಅಂಥದ್ದೇ ಆಗಿತ್ತು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ತೋಟ ದಾಟಿ ಗುಡ್ಡದ ತುದಿಗೆ ಹೋಗಬೇಕು. ಹೋದೆ. ಮೊಬೈಲ್‌ನಲ್ಲಿ ಹುಡುಕಿದೆ. ಒಂದು ಹಳೇ ಸಲಹೆ ಸಿಕ್ಕಿತು, ಕೆಳಗೆ ನಾಲ್ಕಾರು ಜನ ‘ನನಗೆ ಸರಿಯಾಯಿತು’ ಅಂತ ಬೇರೆ ಬರೆದಿದ್ದರು. ಜೇಬಲ್ಲಿದ್ದ ಅಡಿಕೆ ಮಂಡಿಯ ಚೀಟಿಯ ಹಿಂದೆ ಕಮಾಂಡ್ ಬರೆದುಕೊಂಡು ಇಳಿದು ಬಂದೆ.

ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ‘ಇವಿಷ್ಟನ್ನು ತೆಗೆಯಲಾಗುತ್ತದೆ’ ಅಂತ ಒಂದು ಪಟ್ಟಿ ಬಂತು. ಕೊನೆಯಲ್ಲಿ ‘ಮುಂದುವರಿಯಲಾ’ ಅಂತ ಕೇಳಿತು. ವೈ ಒತ್ತಿದೆ. ಆ ಪಟ್ಟಿಯಲ್ಲಿ ಉಬುಂಟು-ಡೆಸ್ಕ್‌ಟಾಪ್ ಅನ್ನುವ ಹೆಸರೂ ಇತ್ತು. ಸೌಂಡ್ ಸರಿ ಮಾಡಲು ಹೊರಟವನು ಡೆಸ್ಕ್‌ಟಾಪ್ ಯಾಕೆ ತೆಗೆಯಬೇಕು ಅಂತ ಒಂದು ಕ್ಷಣ ನಿಂತು ಓದಿದ್ದರೆ ಸಾಕಿತ್ತು. ಓದಲಿಲ್ಲ. ಸಂಜೆ ಹತ್ತಿರ ಬರುತ್ತಿತ್ತು, ಅವಸರ.

ಕಮಾಂಡಿನ ಎರಡನೇ ಭಾಗ ‘ಮತ್ತೆ ಹಾಕು’ ಅನ್ನುವುದು. ಅದು ಓಡಲಿಲ್ಲ, ಇಂಟರ್ನೆಟ್ ಇಲ್ಲವಲ್ಲ! ತೆಗೆಯೋಕೆ ನೆಟ್ ಬೇಡ, ಹಾಕೋಕೆ ಬೇಕು. ಮಲೆನಾಡಿನ ಒಳಗೆ ಕೂತು ಕೆಲಸ ಮಾಡುವವರು ಇದೊಂದನ್ನು ಖಂಡಿತ ನೆನಪಿಡಿ. ರೀಸ್ಟಾರ್ಟ್ ಮಾಡಿದರೆ ಪರದೆಯ ಮೂಲೆಯ ಸ್ಪೀಕರ್ ಗುರುತೇ ಇಲ್ಲ. ಸೌಂಡ್ ಸೆಟ್ಟಿಂಗ್ಸ್ ಖಾಲಿ. ಅಷ್ಟು ಹೊತ್ತು ಚೆನ್ನಾಗಿದ್ದ ಲ್ಯಾಪ್‌ಟಾಪಿನ ಸ್ಪೀಕರ್ ಕೂಡ ಸತ್ತುಹೋಗಿತ್ತು. ಫೋನಿನ ನೆಟ್ ಕೊಟ್ಟು ಹಾಕೋಣ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಮತ್ತೆ ಗುಡ್ಡ ಹತ್ತಿದೆ. ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಕತ್ತಲಾಗುವವರೆಗೂ ನಿಂತು ವಾಪಸ್ ಬಂದೆ.

ಅಜ್ಜಂದಿರಿಬ್ಬರೂ ಬಂದು ಜಗಲಿಯಲ್ಲಿ ಕೂತಿದ್ದರು. ಅಮ್ಮ ಕವಳದ ಹರಿವಾಣ ಮುಂದಿಟ್ಟಿದ್ದಳು. ‘ಎಂಥ ಮಾರಾಯ, ಇನ್ನೂ ಆಗ್ಲಿಲ್ವಾ?’ ಅಂತ ಅಜ್ಜ ಕೇಳಿದರು. ‘ಇನ್ನೊಂಚೂರು ಅಜ್ಜ’ ಅಂದೆ. ಹಾಗೆ ಮೂರು ಸಲ ಅಂದೆ. ಕೊನೆಗೆ ಫೋನ್‌ನಲ್ಲೇ ರೆಕಾರ್ಡ್ ಹಾಕಿದೆ. ಗುಡ್ಡದ ಮೇಲೆ ಸಿಗ್ನಲ್ ಹುಡುಕಿ ಹುಡುಕಿ ಅದರ ಬ್ಯಾಟರಿ ಆಗಲೇ ಮುಗಿಯುತ್ತಾ ಬಂದಿತ್ತು. ಒಂದು ಪದ ಮುಗಿದು ಎರಡನೆಯದು ಶುರುವಾಗುವಾಗ ಫೋನ್ ಆಫ್ ಆಯಿತು. ಇನ್ನೊಬ್ಬ ಅಜ್ಜ ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೋದರು.

ನಾನೂ ಮರುದಿನವೇ ತೀರ್ಥಹಳ್ಳಿಯಲ್ಲಿ ಗೆಳೆಯನ ಹತ್ತಿರ ಹೋದೆ. ಅವನು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಕೇಳಿದ್ದು, ‘ಕೇಬಲ್ ಯಾವ್ದು ಹಾಕಿದ್ದೆ?’ ಆಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಅಂತ ಹೊಡೆದ. ಯುಎಸ್‌ಬಿಗೆ ಏನೇನು ಸಿಕ್ಕಿಸಿದೆ ಅಂತ ಕಂಪ್ಯೂಟರ್ ಹೇಳುವ ಕಮಾಂಡ್ ಅದು. ನನ್ನ ಉದ್ದದ ಕೇಬಲ್ ಹಾಕಿದಾಗ ಇಂಟರ್‌ಫೇಸಿನ ಹೆಸರೇ ಇಲ್ಲ. ಡಬ್ಬದ ಗಿಡ್ಡ ಕೇಬಲ್ ಹಾಕಿದಾಗ ಹೆಸರು ಬಂತು. ಅಷ್ಟೇ ತೊಂದರೆ ಇದ್ದದ್ದು.

ಆದ್ದರಿಂದ ಮೊದಲು ಎಲ್‌ಎಸ್‌ಯುಎಸ್‌ಬಿ. ಅದರಲ್ಲಿ ಹೆಸರಿಲ್ಲ ಅಂದರೆ ಸೌಂಡ್ ಸಾಫ್ಟ್‌ವೇರ್ ಮುಟ್ಟುವ ಮಾತೇ ಇಲ್ಲ. ಕೇಬಲ್ ಬದಲಾಯಿಸಿ, ಬೇರೆ ಪೋರ್ಟ್ ನೋಡಿ, ಮಧ್ಯೆ ಹಬ್ ಇದ್ದರೆ ತೆಗೆದು ನೇರ ಹಾಕಿ. ಅದರಲ್ಲಿ ಹೆಸರಿದ್ದರೆ ಎರೆಕಾರ್ಡ್ ಅಂತ ಬರೆದು, ಜಾಗ ಬಿಟ್ಟು ಒಂದು ಅಡ್ಡಗೆರೆ, ಸಣ್ಣ ಎಲ್ ಹಾಕಿ (arecord -l). ಆಲ್ಸಾಕ್ಕೆ ಯಾವ ಯಾವ ರೆಕಾರ್ಡಿಂಗ್ ಸಾಧನ ಕಂಡಿದೆ ಅಂತ ತೋರಿಸುತ್ತದೆ. ಅಲ್ಲೂ ಇದೆ, ಸೆಟ್ಟಿಂಗ್ಸ್‌ನಲ್ಲಿ ಮಾತ್ರ ಇಲ್ಲ ಅಂದರೆ ಸೌಂಡ್ ಹೊಂದಿಸುವ ಪಾವುಕಂಟ್ರೋಲ್ (pavucontrol) ಅನ್ನುವ ಆ್ಯಪ್ ಹಾಕಿಕೊಂಡು ಅದರ ಕಾನ್ಫಿಗರೇಶನ್ ಪುಟದಲ್ಲಿ ಸಾಧನದ ಪ್ರೊಫೈಲ್ ‘ಆಫ್’ ಆಗಿದೆಯಾ ನೋಡಿ. ಇದ್ಯಾವುದಕ್ಕೂ ಏನನ್ನೂ ಕಿತ್ತುಹಾಕಬೇಕಿಲ್ಲ.

ಸಲಹೆ ಯಾವ ಕಾಲದ್ದು ಅಂತಲೂ ನೋಡಿ. ನನ್ನದು ಉಬುಂಟು 22.04, ಅದರಲ್ಲಿ ಪಲ್ಸ್‌ಆಡಿಯೋ ಇತ್ತು. 22.10ರಿಂದ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಹಳೇ ಕಮಾಂಡ್ ಹೊಸದರ ಮೇಲೆ ಓಡಿಸಿದರೆ ಗೋಜಲು ಇನ್ನೂ ಜಾಸ್ತಿ. ಏನನ್ನಾದರೂ ತೆಗೆಯಲೇಬೇಕು ಅಂದರೆ ಸಾಫ್ಟ್‌ವೇರ್ ಹಾಕುವ, ತೆಗೆಯುವ ಆಪ್ಟ್ (apt) ಕಮಾಂಡಿಗೆ ಅಡ್ಡಗೆರೆ, ಸಣ್ಣ ಎಸ್ (-s) ಸೇರಿಸಿ. ಏನೇನು ಹೋಗುತ್ತದೆ ಅಂತ ಬರೀ ತೋರಿಸುತ್ತದೆ, ತೆಗೆಯುವುದಿಲ್ಲ.

ನನ್ನ ಹಾಗೆ ಆಗಲೇ ತೆಗೆದುಬಿಟ್ಟಿದ್ದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ವಾರ್ ಫೋಲ್ಡರಿನೊಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಅನ್ನುವ ಲಾಗ್ ಫೈಲ್ ಇರುತ್ತದೆ (/var/log/apt/history.log). ಯಾವತ್ತು ಏನು ತೆಗೆದಿರಿ ಅಂತ ಹೆಸರು ಸಮೇತ ಬರೆದಿಟ್ಟಿರುತ್ತದೆ. ಗೆಳೆಯ ಅದನ್ನು ನೋಡಿಕೊಂಡೇ ಒಂದೊಂದಾಗಿ ವಾಪಸ್ ಹಾಕಿದ.

ಇನ್ನೆರಡು ಸಣ್ಣ ವಿಷಯ. ಒಂದನೇ ಮೈಕ್ ಎಡ ಕಿವಿಯಲ್ಲಿ ಮಾತ್ರ ಕೇಳಿದರೆ ಅದು ಕೆಟ್ಟಿಲ್ಲ, ಮೋನೋ (ಒಂದೇ ಚಾನೆಲ್‌ನ) ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗ ‘ಗುಂಯ್’ ಅಂತ ಬಂದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ನಮ್ಮ ಮನೆಯಲ್ಲಿ ಅಷ್ಟಕ್ಕೇ ನಿಂತಿತು.

ಹದಿನೈದು ದಿನ ಬಿಟ್ಟು ಅಜ್ಜ ಒಬ್ಬರೇ ಬಂದು ಹಾಡಿದರು. ರೆಕಾರ್ಡಿಂಗ್ ತುಂಬಾ ಚೆನ್ನಾಗಿ ಬಂದಿದೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಅಭ್ಯಾಸಬಲ, ಪ್ರತಿ ಸಾಲು ಆದಮೇಲೂ ಅವರು ನಿಲ್ಲಿಸುತ್ತಾರೆ. ಇನ್ನೊಬ್ಬರು ಸೊಲ್ಲು ಕೊಡುವಷ್ಟು ಹೊತ್ತು. ಆ ಜಾಗದಲ್ಲೆಲ್ಲ ಜೀರುಂಡೆ ಸದ್ದು ಮಾತ್ರ ಇದೆ.