ಮೊದಲು ಎಣಿಸಿ ಆಮೇಲೆ ನಟ್ಟು ಬಿಚ್ಚುವ ಜೀಪ್ ಶೆಡ್ಡು

ಸಕಲೇಶಪುರದ ಹೊರಗೆ, ಹೆದ್ದಾರಿಯ ಗದ್ದಲದಿಂದ ಸ್ವಲ್ಪ ಒಳಗೆ ಇರುವ ಈ ಶೆಡ್ಡಿಗೆ ಬೋರ್ಡಿಲ್ಲ. ‘ಜೀಪಿನ ಶೆಡ್ಡು’ ಎಂದರೆ ಆಟೊದವರೂ ದಾರಿ ತೋರಿಸುತ್ತಾರೆ. ಹಳೆಯ ಮಹೀಂದ್ರ ಜೀಪುಗಳ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಹಿಂದಿನ ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಹಿಂದಿನ ಮುಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಗೇರುಗಳಿರುವ ಕವಚ), ಅವಕ್ಕೆ ಬಲ ಒಯ್ಯುವ ಎರಡು ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಒಂದೇ ಕೆಲಸವೆಂದು ನೋಡುವ ಮೇಸ್ತ್ರಿ ಇಲ್ಲಿದ್ದಾರೆ. ನಮ್ಮ ಗಾಡಿಯನ್ನು ಅವರ ಕೈಗೆ ಒಪ್ಪಿಸಿ ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು ಕಳೆದಿದೆ. ಈಗ ಧೈರ್ಯವಾಗಿ ಬರೆಯಬಹುದು.

ಗಾಡಿ ಎಂಎಂ 540. ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಗೇರು. ಹೆತ್ತೂರು ಕಡೆಯ ನಮ್ಮ ತೋಟದಲ್ಲಿ ಗೊಬ್ಬರ, ಕಾಫಿ ಚೀಲ, ಕೆಲಸದವರು, ಕೆಲವೊಮ್ಮೆ ಜ್ವರ ಬಂದ ಮಕ್ಕಳು, ಎಲ್ಲವನ್ನೂ ಹೊರುವುದು ಇದೇ. ಎಂಜಿನ್ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ತೊಂದರೆಯೆಲ್ಲ ಅದರ ಹಿಂದೆ ಇತ್ತು. ಹಳ್ಳದಿಂದ ಮೇಲೆ ಬರುವ ಏರಿನಲ್ಲಿ ಲೋ ಗೇರು (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯಲು ಟ್ರಾನ್ಸ್‌ಫರ್ ಕೇಸಿನಲ್ಲಿರುವ ಗೇರು) ತಾನಾಗಿ ಕಳಚಿಕೊಳ್ಳುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಹೌಸಿಂಗ್ ಊಳಿಡುತ್ತಿತ್ತು. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಫೋರ್‌ವೀಲ್ ಹಾಕಿ, ಅಂದರೆ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟು, ಕಣದ ಸಿಮೆಂಟಿನ ಮೇಲೆ ನೇರವಾಗಿ ಹೋದರೂ ಗಾಡಿ ಬಿಗಿದುಕೊಳ್ಳುತ್ತಿತ್ತು. ಲಿವರ್ ಹೊರಗೆ ಬರುತ್ತಿರಲಿಲ್ಲ, ಹಿಂದಕ್ಕೆ ಸ್ವಲ್ಪ ಓಡಿಸಿದ ಮೇಲೆ ಟಪ್ಪೆಂದು ಬಿಡುತ್ತಿತ್ತು.

ಇದಕ್ಕೆ ಮುಂಚೆ ಬೇರೊಂದು ಊರಿನ ಗ್ಯಾರೇಜಿನಲ್ಲಿ ಹಿಂದಿನ ಕ್ರೌನ್ ಪಿನಿಯನ್ (ಹೌಸಿಂಗ್ ಒಳಗೆ ಶಾಫ್ಟಿನ ಸುತ್ತನ್ನು ಚಕ್ರಗಳಿಗೆ ದಾಟಿಸುವ ದೊಡ್ಡ, ಚಿಕ್ಕ ಗೇರುಗಳ ಜೋಡಿ) ಬದಲಿಸಲಾಗಿತ್ತು. ಈ ಬಿಗಿತದ ಬಗ್ಗೆ ಕೇಳಿದಾಗ ಅಲ್ಲಿಯವರು ‘ಫೋರ್‌ವೀಲ್ ಎಂದರೆ ಹಾಗೇ’ ಎಂದರು. ಡ್ರೈವರನ್ನು ಕಳಿಸಿ, ಅವನಿಗೆ ಹೇಳುತ್ತೇವೆ ಎಂದೂ ಸೇರಿಸಿದರು. ಗಾಡಿ ಓಡಿಸುವವಳು ನಾನೇ, ದುಡ್ಡು ಕೊಟ್ಟವಳೂ ನಾನೇ.

ಈ ಶೆಡ್ಡಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಸೀಮೆಸುಣ್ಣ ತಂದರು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ಮೇಲೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಗೆರೆ ಎಳೆದರು. ಇಬ್ಬರು ಹುಡುಗರು ಎರಡು ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದರು, ಮೇಸ್ತ್ರಿ ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸಿದರು. ಹಿಂದೆ ಐದೂ ಕಾಲಿಗಿಂತ ಹೆಚ್ಚು. ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸುವ ಹಬ್ ಲಾಕ್ ಮಾಡಿ ಅದೇ ಲೆಕ್ಕ ನೋಡಿದರೆ ಐದಕ್ಕೂ ಸ್ವಲ್ಪ ಕಡಿಮೆ.

‘ಅಕ್ಕಾ, ಹಿಂದೆ ಎಂಟಕ್ಕೆ ನಲವತ್ತಮೂರು, ಮುಂದೆ ಎಂಟಕ್ಕೆ ಮೂವತ್ತೊಂಬತ್ತು. ಎರಡು ಬೇರೆ ಬೇರೆ ಸೆಟ್ ಕೂತಿವೆ’ ಎಂದರು.

ಪಿನಿಯನ್ನಿಗೆ ಎಂಟು ಹಲ್ಲು, ಕ್ರೌನಿಗೆ 43 ಹಲ್ಲಿದ್ದರೆ ಅನುಪಾತ 5.38. ಕ್ರೌನಿಗೆ 39 ಇದ್ದರೆ 4.88. ಫೋರ್‌ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟುಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಆಗ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡ 10ರಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ಕೆಸರಿನಲ್ಲಿ ಟೈರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ, ಗಟ್ಟಿ ನೆಲದಲ್ಲಿ ಹೋಗಲು ಜಾಗವಿಲ್ಲ. ಇಡೀ ಒತ್ತಡ ಗೇರು, ಬೇರಿಂಗ್, ಶಾಫ್ಟುಗಳ ಮೇಲೆ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್ ಬಿಚ್ಚಿದಾಗ ಅದರ ಫಲ ಕಣ್ಣಿಗೆ ಕಂಡಿತು. ಇಂಟರ್ಮೀಡಿಯೆಟ್ ಶಾಫ್ಟಿನಲ್ಲಿ ರೋಲರುಗಳು ಕೊರೆದ ಗೆರೆಗಳು ಉಗುರಿಗೆ ಸಿಗುತ್ತಿದ್ದವು. ಲೋ ಗೇರಿನ ಹಲ್ಲುಗಳ ಅಂಚು ಉರುಟಾಗಿತ್ತು. ಗೇರು ಕಳಚಿಕೊಳ್ಳುತ್ತಿದ್ದುದು ಯಾಕೆಂದು ಬೇರೆ ಹೇಳಬೇಕಾಗಲಿಲ್ಲ.

ಮುಂದೆಯೂ 43 ಹಾಕುವುದೋ, ಹಿಂದಿನದನ್ನು ಮತ್ತೆ 39ಕ್ಕೆ ಇಳಿಸುವುದೋ? ಟೈರು ನೋಡಿ ತೀರ್ಮಾನಿಸಿದೆವು. ಆರು-ಹದಿನಾರರ (ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು) ಟೈರು ತೆಗೆದು ಏಳು-ಹದಿನಾರು ಹಾಕಿಸಿದ್ದೆ. ಎತ್ತರ ಸುಮಾರು 2 ಇಂಚು ಹೆಚ್ಚಾಗಿ ಎಳೆಯುವ ಬಲ ಅಷ್ಟರಮಟ್ಟಿಗೆ ಇಳಿದಿತ್ತು. 43ರ ಸೆಟ್ ಆ ನಷ್ಟವನ್ನು ತುಂಬಿ ಇನ್ನೂ ಸ್ವಲ್ಪ ಮಿಗಿಸುತ್ತದೆ. ಹಿಂದಿನ 43ರ ಸೆಟ್ಟನ್ನೇ ಉಳಿಸಿಕೊಳ್ಳಬಹುದಿತ್ತು, ಆದರೆ ಅದರ ಹಲ್ಲುಗಳ ತುದಿಯಲ್ಲಿ ಆಗಲೇ ಗುಳಿ ಬಿದ್ದಿತ್ತು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುವುದರಿಂದ ಒಂದನ್ನು ಉಳಿಸಿ ಇನ್ನೊಂದನ್ನು ಬದಲಿಸುವಂತಿಲ್ಲ. ಎರಡೂ ಕಡೆಗೆ ಹೊಸ ಜೋಡಿಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರು. ಪೊಟ್ಟಣ ಒಡೆದು, ಎರಡೂ ಬಿಡಿಭಾಗಗಳ ಮೇಲೆ ಕೊರೆದ ಸಂಖ್ಯೆ ಒಂದೇ ಇದೆಯೇ ಎಂದು ನನಗೆ ತೋರಿಸಿದ ಮೇಲೆಯೇ ಕೆಲಸಕ್ಕೆ ತೆಗೆದುಕೊಂಡರು.

ಕೂರಿಸುವ ಕೆಲಸವನ್ನು ನಾನು ಒಂದು ಮಧ್ಯಾಹ್ನವಿಡೀ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಕ್ರೌನಿನ ಕೆಲವು ಹಲ್ಲುಗಳಿಗೆ ನೀಲಿ ಪೇಸ್ಟು ಸವರಿ, ಕೈಯಿಂದ ಮುಂದಕ್ಕೂ ಹಿಂದಕ್ಕೂ ತಿರುಗಿಸಿ, ಪಿನಿಯನ್ ಎಲ್ಲಿ ಒರೆಸಿದೆ ಎಂದು ಟಾರ್ಚು ಹಿಡಿದು ನೋಡುತ್ತಾರೆ. ಗುರುತು ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ತೀರ ಒಳಗಿದೆ, ತುದಿಯಲ್ಲಿ ಬಿದ್ದರೆ ತೀರ ಹೊರಗಿದೆ. ಪ್ರತಿ ಸಲವೂ ಪಿನಿಯನ್ ಹೊರತೆಗೆದು, ಬೇರಿಂಗಿನ ಕಪ್ ಕಳಚಿ, ಕಾಗದದಷ್ಟು ತೆಳುವಾದ ಶಿಮ್ ಬದಲಿಸಿ ಮತ್ತೆ ಮೊದಲಿನಿಂದ ಶುರು. ನೀಲಿಯ ಗುರುತು ಹಲ್ಲಿನ ನಡುಭಾಗಕ್ಕೆ ಬಂದ ಮೇಲೆ ಡಯಲ್ ಗೇಜ್ ಕಟ್ಟಿ ಎರಡು ಗೇರುಗಳ ನಡುವಿನ ಸಡಿಲ ಅಳೆದರು. ಇಂಚಿನ ಸಾವಿರದಲ್ಲಿ ಐದರಿಂದ ಏಳು ಭಾಗ ಬರಬೇಕು. ಒಂದು ಕಡೆ ಸರಿಬಂದರೆ ಸಾಲದೆಂದು ಕ್ರೌನನ್ನು ತಿರುಗಿಸಿ ಬೇರೆ ಬೇರೆ ಜಾಗದಲ್ಲೂ ನೋಡಿದರು. ನನ್ನ ಹೌಸಿಂಗ್ ಊಳಿಡುತ್ತಿದ್ದುದು ಈ ತಾಳ್ಮೆಯನ್ನು ಹಿಂದೆ ಯಾರೂ ತೋರದೆ ಇದ್ದುದರಿಂದಲೇ. ಕೂಲಿಗೆ ಕೊಟ್ಟ ಒಂದೊಂದು ರೂಪಾಯಿಯೂ ಸಾರ್ಥಕ ಎನ್ನಿಸಿದ್ದು ಆಗಲೇ.

ಉಳಿದದ್ದು ಬೇಗ ಹೇಳಬಹುದು. ಟ್ರಾನ್ಸ್‌ಫರ್ ಕೇಸಿಗೆ ಹೊಸ ಶಾಫ್ಟು, ಗೇರು, ರೋಲರ್, ಸೀಲು. ಮುಂದಿನ ಕಿಂಗ್‌ಪಿನ್ ಬೇರಿಂಗುಗಳು. ಪ್ರೊಪೆಲ್ಲರ್ ಶಾಫ್ಟುಗಳ ಕೀಲುಗಳಾದ ಕ್ರಾಸುಗಳೆಲ್ಲ. ಶಾಫ್ಟಿನ ಎರಡು ತುದಿಯ ಯೋಕುಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿ ಬರುವಂತೆ ಬಿಚ್ಚುವ ಮೊದಲೇ ಪಂಚ್ ಗುರುತು ಹಾಕಿದ್ದರು. ಗೇರ್‌ಬಾಕ್ಸಿಗೆ ಜಿಎಲ್-4, ಹೌಸಿಂಗುಗಳಿಗೆ ಜಿಎಲ್-5 ಆಯಿಲ್.

ನನಗೆ ತುಂಬ ಹಿಡಿಸಿದ ಬದಲಾವಣೆ ಎಲ್ಲಕ್ಕಿಂತ ಅಗ್ಗದ್ದು. ಹೌಸಿಂಗ್ ಮೇಲೆ ಗಾಳಿಯಾಡಲು ಇರುವ ಪುಟ್ಟ ಬ್ರೀದರ್ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನನ್ನ ಗಾಡಿಯಿಂದ ಇಳಿಸಿದ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿತ್ತು. ಮೇಸ್ತ್ರಿ ಎರಡೂ ಹೌಸಿಂಗ್‌ಗಳಿಂದ ರಬ್ಬರ್ ಕೊಳವೆ ಎಳೆದು ಬಾನೆಟ್ಟಿನ ಕೆಳಗೆ ಎತ್ತರದಲ್ಲಿ ಕಟ್ಟಿದರು. ಮಳೆಗಾಲ ಮುಗಿದು ಆಯಿಲ್ ಇಳಿಸಿ ನೋಡಿದೆ, ನೀರಿನ ಸುಳಿವಿಲ್ಲ. ಮಲೆನಾಡಿನಲ್ಲಿ ಫೋರ್‌ವೀಲ್ ಇಟ್ಟುಕೊಂಡವರೆಲ್ಲ ಇದನ್ನು ನಾಳೆಯೇ ಮಾಡಿಸಬೇಕು.

ಒಂದೇ ಆಕ್ಸಲ್ಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಬಂಧಿಸುವ ಡಿಫರೆನ್ಷಿಯಲ್ ಲಾಕ್ ಹಾಕಿಸುವ ಆಸೆಯೂ ನನಗಿತ್ತು. ಆಸ್ಟ್ರೇಲಿಯಾದ ಎಆರ್‌ಬಿಯವರ ಗಾಳಿ ಒತ್ತಡದ ಲಾಕರ್ ಬಗ್ಗೆ ಓದಿದ್ದೆ. ಮೇಸ್ತ್ರಿ ಬೇಡವೆಂದರು. ಅಡ್ಡಲಾಗಿ ಇಳಿಜಾರಿರುವ ತೋಟದ ದಾರಿಯಲ್ಲಿ ಎರಡೂ ಚಕ್ರ ಒಟ್ಟಿಗೆ ಜಾರಿದರೆ ಗಾಡಿ ಪಕ್ಕಕ್ಕೆ ಸರಿಯುತ್ತದೆ, ಹಳೆಯ ಆಕ್ಸಲ್‌ಗಳ ಮೇಲೂ ಹೊರೆ ಹೆಚ್ಚು ಎಂಬುದು ಅವರ ವಾದ. ದುಬಾರಿ ಕೆಲಸವನ್ನು ಬೇಡವೆನ್ನುವ ಗ್ಯಾರೇಜಿನ ಮೇಲೆ ನನಗೆ ನಂಬಿಕೆ ಹೆಚ್ಚು.

ಈಗ ಗಾಡಿ ಚೀಲ ತುಂಬಿಕೊಂಡು ಹಳ್ಳದ ಏರನ್ನು ಲೋ ಎರಡನೇ ಗೇರಿನಲ್ಲಿ, ಕ್ಲಚ್ ಮುಟ್ಟದೆ ಹತ್ತುತ್ತದೆ. ಕಣದ ಮೇಲೆ ಫೋರ್‌ವೀಲ್ ಲಿವರ್ ಎರಡು ಬೆರಳಿಗೆ ಹೊರಬರುತ್ತದೆ. ಹೆದ್ದಾರಿಯಲ್ಲಿ ಮಾತ್ರ ಅರುವತ್ತು ದಾಟಿದರೆ ಎಂಜಿನ್ ಅರಚುತ್ತದೆ. ಹಾಸನ, ಮಂಗಳೂರು ಎಂದು ಓಡಾಡುವವರಿಗೆ 43ರ ಸೆಟ್ ನಾನು ಹೇಳುವುದಿಲ್ಲ. ತೋಟದೊಳಗೇ ದುಡಿಯುವ ಗಾಡಿಗೆ ಇದೇ ಸರಿ.

ಶೆಡ್ಡಿನ ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ, ಬಿಡಿಭಾಗ ಬರುವುದು ತಡವಾದಾಗ ಅವರಾಗಿ ಫೋನ್ ಮಾಡಲಿಲ್ಲ. ಮಳೆ ನುಗ್ಗುವ ಶೆಡ್ಡಿನಲ್ಲಿ ತೆರೆದ ಗೇರ್‌ಬಾಕ್ಸಿಗೆ ಬರೀ ಪ್ಲಾಸ್ಟಿಕ್ ಹೊದಿಸಿ ಇಡುವುದು ನನಗೆ ಸರಿಕಾಣಲಿಲ್ಲ, ಹೇಳಿದೆ ಕೂಡ. ಬಿಡಿಭಾಗ, ಕೂಲಿ ಸೇರಿ ಅರುವತ್ತು ಸಾವಿರದ ಆಸುಪಾಸು ಆಯಿತು. ತೆಗೆದ ಹಳೆಯ ಭಾಗಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಗಾಡಿಯ ಹಿಂದೆ ಇಟ್ಟುಕೊಟ್ಟರು. ಮೇ ತಿಂಗಳಲ್ಲಿ ಎಲ್ಲ ತೋಟಗಳ ಜೀಪೂ ಅಲ್ಲೇ ಸಾಲು ನಿಂತಿರುತ್ತದೆ, ಕೊಯ್ಲು ಮುಗಿದ ಕೂಡಲೇ ಹೋಗುವುದು ಒಳ್ಳೆಯದು. ಹೊಸ ಕ್ರೌನ್ ಪಿನಿಯನ್ ಹಾಕಿಸಿದವರು ಮೊದಲ ಕೆಲವು ನೂರು ಕಿಲೋಮೀಟರ್ ಹೊರೆ ಹಾಕದೆ ಓಡಿಸಿ, ಆಯಿಲ್ ಬದಲಿಸಲು ಮತ್ತೆ ಬರಬೇಕು. ಆ ಕೆಲಸಕ್ಕೆ ಅವರು ಕೂಲಿ ತೆಗೆದುಕೊಳ್ಳುವುದಿಲ್ಲ, ಆಯಿಲ್ ಮಾತ್ರ ನಮ್ಮದು.