ಬಳ್ಳಾರಿಯ ಗ್ರಂಧಿಗೆ ಅಂಗಡಿ ಮತ್ತು ಅಲ್ಲಿ ಕೊಂಡ ಕೊಲೆಸ್ಟ್ರಾಲ್ ಚೂರ್ಣ

ಅಂಗಡಿಗೆ ಐದಕ್ಕೆ ನಾಲ್ಕು ಅಂಕ, ಚೂರ್ಣಕ್ಕೆ ಐದಕ್ಕೆ ಎರಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅಂಗಡಿಯವರಿಗೆ ಅನ್ಯಾಯವಾಗುತ್ತದೆ.

ಮೊದಲು ಅಂಗಡಿಯ ಮಾತು. ಬ್ರೂಸ್‌ಪೇಟೆ ಕಡೆಯ ಈ ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿ, ಹಿಪ್ಪಲಿ, ಬಜೆ, ಜೇಷ್ಠಮಧು ಎಲ್ಲವೂ ಇಡಿಯಾಗಿಯೇ ಸಿಗುತ್ತವೆ. ನನಗೆ ಇದೇ ಮುಖ್ಯ. ಪುಡಿ ಮಾಡಿದ ಮೇಲೆ ಯಾವುದರಲ್ಲಿ ಏನು ಬೆರೆತಿದೆ ಎಂದು ಹೇಳುವುದು ಕಷ್ಟ. ಗುಗ್ಗುಳ ಕೇಳಿದರೆ ಶೆಟ್ಟರು ಒಂದು ಗಡ್ಡೆಯನ್ನು ಮುರಿದು ಕೈಗೆ ಕೊಡುತ್ತಾರೆ. ಮುರಿದ ಕಡೆ ಕಂದು ಹಳದಿ ಬಣ್ಣ, ಬೆರಳ ಬಿಸಿಗೆ ಮೆತ್ತಗಾಗುವ ಅಂಟು, ನಾಲಿಗೆಗೆ ಕಹಿ. ಮರಳು, ತೊಗಟೆಯ ಚೂರು ಕಂಡರೆ ಅವರೇ ಪಕ್ಕಕ್ಕೆ ತೆಗೆದಿಡುತ್ತಾರೆ. ಗುಗ್ಗುಳದ ಗಿಡ ಇಂದು ಅಳಿವಿನ ಅಂಚಿನಲ್ಲಿದೆ. ಹಾಗಾಗಿ ಕಲಬೆರಕೆಯೂ ಹೆಚ್ಚು. ಇಂಥ ಪ್ರಾಮಾಣಿಕ ಕೈ ಸುಲಭವಾಗಿ ಸಿಗುವುದಿಲ್ಲ. ಅಂಗಡಿ ಇಕ್ಕಟ್ಟು, ಸಂಜೆ ನಿಲ್ಲಲೂ ಜಾಗವಿರುವುದಿಲ್ಲ. ಒಂದು ಅಂಕ ಕಳೆದದ್ದು ಅದಕ್ಕಲ್ಲ, ಗಲ್ಲಾದ ಪಕ್ಕದಲ್ಲಿ ಪೇರಿಸಿಟ್ಟಿರುವ ಆ ಚೂರ್ಣದ ಡಬ್ಬಿಗಳಿಗೆ.

ಡಬ್ಬಿಯನ್ನು ಕೊಂಡವನು ನನ್ನ ಅಣ್ಣ. ಕೌಲ್ ಬಜಾರಿನಲ್ಲಿ ಅವನದೊಂದು ಜೀನ್ಸ್ ಹೊಲಿಯುವ ಘಟಕವಿದೆ. ಇಡೀ ದಿನ ಕುಳಿತೇ ಕೆಲಸ, ಸಂಜೆಯಾದರೆ ಮಿರ್ಚಿ ಮಂಡಕ್ಕಿ. ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 168 ಬಂದಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಯ ಬದಲು ಈ ಚೂರ್ಣ ಸಾಕು ಎಂದು ಅವನು ನಿರ್ಧರಿಸಿದ್ದು ಡಬ್ಬಿಯ ಹಿಂಬದಿಯ ಒಂದೇ ಸಾಲನ್ನು ನಂಬಿ: ‘ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಸಾಬೀತಾಗಿದೆ.’

ನಾನು ಫಾರ್ಮಸಿ ಕಾಲೇಜೊಂದರ ಪ್ರಾಣಿ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. ಆ ಸಾಲಿನ ಹಿಂದೆ ಏನೇನು ನಡೆಯುತ್ತದೆ ಎಂಬುದು ನನ್ನ ಕೈಗಳಿಗೆ ಗೊತ್ತು. ಇಲಿಗೆ ಸುಮ್ಮನೆ ಕೊಲೆಸ್ಟ್ರಾಲ್ ಏರುವುದಿಲ್ಲ. ಅದರ ರಕ್ತದಲ್ಲಿ ಓಡಾಡುವ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನ ಪಾಲು ಒಳ್ಳೆಯದೆನ್ನುವ ಎಚ್‌ಡಿಎಲ್. ಆದ್ದರಿಂದ ಮೇವಿಗೆ ಶುದ್ಧ ಕೊಲೆಸ್ಟ್ರಾಲ್, ಕೋಲಿಕ್ ಆಮ್ಲ, ಕೊಬ್ಬರಿ ಎಣ್ಣೆ ಬೆರೆಸಿ ವಾರಗಟ್ಟಲೆ ತಿನ್ನಿಸಬೇಕು. ಇಲ್ಲವೇ ಟ್ರೈಟಾನ್ ಎಂಬ ರಾಸಾಯನಿಕವನ್ನು ಚುಚ್ಚಬೇಕು. ಆಗ ರಕ್ತದಿಂದ ಕೊಬ್ಬು ಕರಗಿ ಹೋಗುವ ದಾರಿಯೇ ಮುಚ್ಚಿ, ಒಂದು ದಿನದೊಳಗೆ ಕೊಲೆಸ್ಟ್ರಾಲ್ ಏರುತ್ತದೆ. ಅಂಥ ಇಲಿಯ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೊಳವೆಯನ್ನು ಹೊರತೆಗೆದರೆ, ತಿಳಿಯಾಗಿ ನಿಲ್ಲಬೇಕಾದ ಸೀರಂ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಮೂಲಿಕೆಯ ಸಾರ ಕುಡಿಸಿದ ಗುಂಪಿನ ಕೊಳವೆಗಳು ಸ್ವಲ್ಪ ತಿಳಿಯಾದರೂ ವಿದ್ಯಾರ್ಥಿಗಳಿಗೆ ಆಗುವ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಫಲಿತಾಂಶ ಸುಳ್ಳಲ್ಲ. ಆದರೆ ಬಲವಂತವಾಗಿ ಏರಿಸಿದ್ದು ಇಳಿಯುವುದೇ ಬೇರೆ, ವರ್ಷಗಟ್ಟಲೆ ಊಟ, ವಯಸ್ಸು, ವಂಶಗುಣಗಳಿಂದ ಏರಿದ್ದು ಇಳಿಯುವುದೇ ಬೇರೆ.

ಇನ್ನು ಪ್ರಮಾಣದ ಲೆಕ್ಕ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಇಲಿಯ ಪ್ರತಿ ಕಿಲೋ ತೂಕಕ್ಕೆ 200 ಅಥವಾ 400 ಮಿಲಿಗ್ರಾಂ ಸಾರ ಕೊಡುತ್ತೇವೆ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಲು ಸುಮಾರು 6.2ರಿಂದ ಭಾಗಿಸುವುದು ವಾಡಿಕೆ. 400ಕ್ಕೆ ಲೆಕ್ಕ ಹಾಕಿದರೆ 60 ಕಿಲೋ ತೂಗುವ ಮನುಷ್ಯನಿಗೆ ದಿನಕ್ಕೆ ಹೆಚ್ಚುಕಡಿಮೆ 3.9 ಗ್ರಾಂ ಸಾರ ಬೇಕು. ಗಮನಿಸಿ, ಇದು ಸಾರ, ಪುಡಿಯಲ್ಲ. ನೂರು ಗ್ರಾಂ ಪುಡಿಯಿಂದ ಹತ್ತು ಗ್ರಾಂ ಸಾರ ಇಳಿಯಿತು ಎಂದುಕೊಂಡರೂ ದಿನಕ್ಕೆ 39 ಗ್ರಾಂ ಪುಡಿ ತಿನ್ನಬೇಕಾಗುತ್ತದೆ, ಅದೂ ಒಂದೇ ಮೂಲಿಕೆಯದು. ಡಬ್ಬಿ ಹೇಳುವುದು ಮೂರು ಗ್ರಾಂ ಚಮಚದಲ್ಲಿ ಎರಡು ಹೊತ್ತು. ಅಷ್ಟರಲ್ಲೇ ಗುಗ್ಗುಳ, ಮೆಂತ್ಯ, ಬೆಳ್ಳುಳ್ಳಿ, ಹೊಳೆಮತ್ತಿಯ ತೊಗಟೆ, ನೆಲ್ಲಿ ಐದೂ ಹಂಚಿಕೊಳ್ಳಬೇಕು. ಯಾವ ಪ್ರಾಣಿ, ಎಷ್ಟು ಪ್ರಮಾಣ, ಸಾರವೋ ಪುಡಿಯೋ, ಎಷ್ಟು ದಿನ ಎಂಬುದನ್ನು ಬರೆಯದೆ ‘ಸಾಬೀತಾಗಿದೆ’ ಎಂದು ಅಚ್ಚು ಹಾಕಿಸುವುದು ಕೊಳ್ಳುವವರಿಗೆ ಮಾಡುವ ಮೋಸ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆ ಪ್ರಾಣಿಗಳು ಜೀವ ಕೊಟ್ಟಿರುತ್ತವೆ. ಅವುಗಳಿಂದ ತಿಳಿದದ್ದನ್ನು ಪೂರ್ತಿಯಾಗಿ ಹೇಳಬೇಕು.

ಗುಗ್ಗುಳದ ಕತೆಯನ್ನೇ ನೋಡಿ. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿಯವರು ಸುಶ್ರುತ ಸಂಹಿತೆಯ ಮೇದೋರೋಗದ, ಅಂದರೆ ಮೈಯಲ್ಲಿ ಕೊಬ್ಬು ಹೆಚ್ಚುವ ಕಾಯಿಲೆಯ, ವಿವರಣೆಯನ್ನು ಹಿಡಿದು ಮೊಲಗಳ ಮೇಲೆ ಪ್ರಯೋಗ ನಡೆಸಿದರು. ಮೊಲಗಳಲ್ಲಿ ಕೊಲೆಸ್ಟ್ರಾಲ್ ಇಳಿಯಿತು. ಮುಂದೆ ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಳದಿಂದ ಗುಗ್ಗುಲಿಪಿಡ್ ಎಂಬ ಔಷಧವನ್ನು ತಯಾರಿಸಿತು. ನಮ್ಮ ದೇಶದ ಕೆಲವು ಪ್ರಯೋಗಗಳಲ್ಲಿ ಮನುಷ್ಯರಿಗೂ ಗುಣ ಕಂಡಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂದಾಗ, ಗುಗ್ಗುಲಿಪಿಡ್ ಸೇವಿಸಿದವರ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತ್ತು. ಕೆಲವರಿಗೆ ಮೈಮೇಲೆ ದದ್ದುಗಳೂ ಎದ್ದಿದ್ದವು.

ಇದರರ್ಥ ಪ್ರಾಣಿಗಳ ಪ್ರಯೋಗ ವ್ಯರ್ಥ ಎಂದಲ್ಲ. ಕೊಲೆಸ್ಟ್ರಾಲ್ ಇಳಿಸಲು ಇಂದು ಕೋಟ್ಯಂತರ ಜನ ನುಂಗುವ ಸ್ಟ್ಯಾಟಿನ್ ಮಾತ್ರೆಗಳ ಮೂಲಪುರುಷ ಜಪಾನಿನ ಅಕಿರಾ ಎಂಡೊ. ಬೂಷ್ಟಿನಿಂದ ಅವರು ತೆಗೆದ ಕಾಂಪ್ಯಾಕ್ಟಿನ್ ಇಲಿಗಳಲ್ಲಿ ಕೊಲೆಸ್ಟ್ರಾಲನ್ನು ಇಳಿಸಲೇ ಇಲ್ಲ. ಆಮೇಲೆ ಮೊಟ್ಟೆಯಿಡುವ ಕೋಳಿಗಳಿಗೆ ತಿನ್ನಿಸಿ ನೋಡಿದಾಗ ಇಳಿಯಿತು, ನಾಯಿಗಳಲ್ಲೂ ಇಳಿಯಿತು. ಇಲಿಯೊಂದನ್ನೇ ನಂಬಿ ಕುಳಿತಿದ್ದರೆ ಆ ಔಷಧ ಕಸದ ಬುಟ್ಟಿ ಸೇರುತ್ತಿತ್ತು. ಒಂದು ಪ್ರಾಣಿಯ ಹೌದು ನಮಗೆ ಹೌದಲ್ಲ, ಅದರ ಇಲ್ಲವೂ ನಮಗೆ ಇಲ್ಲವಲ್ಲ.

ಅಣ್ಣನಿಗೆ ಏನಾಯಿತು ಎಂದು ಕೇಳುತ್ತೀರಿ. ಮುಂದಿನ ಪರೀಕ್ಷೆಯಲ್ಲಿ 168 ಇದ್ದದ್ದು 151 ಆಗಿತ್ತು. ಚೂರ್ಣದ ಮಹಿಮೆ ಎಂದು ಅವನು ಊರೆಲ್ಲ ಹೇಳಿದ. ಅತ್ತಿಗೆ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ‘ಮಿರ್ಚಿ ನಿಲ್ಲಿಸಿದ್ದಾರೆ, ಬೆಳಿಗ್ಗೆ ಕೋಟೆಯ ಕಡೆ ನಡೆಯಲು ಹೋಗುತ್ತಿದ್ದಾರೆ, ಅದನ್ನು ಯಾರಿಗೂ ಹೇಳುವುದಿಲ್ಲ ನೋಡಮ್ಮ’ ಎಂದರು. ಮೂರೂ ಒಟ್ಟಿಗೆ ನಡೆದಿರುವಾಗ ಯಾವುದರಿಂದ ಎಷ್ಟು ಇಳಿಯಿತೆಂದು ಹೇಳಲು ಬರುವುದಿಲ್ಲ. 151 ಕೂಡ ಅವನಿಗೆ ಹೆಚ್ಚೇ. ಈಗ ವೈದ್ಯರ ಮಾತ್ರೆ ನುಂಗುತ್ತಿದ್ದಾನೆ.

ಅದೇ ಮನೆಯ ಲ್ಯಾಬ್ರಡಾರ್ ನಾಯಿಗೂ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ತಿಳಿದಾಗ, ‘ಅದಕ್ಕೂ ಒಂದು ಚಮಚ ಹಾಕಲೇ?’ ಎಂದು ಅಣ್ಣ ಕೇಳಿದ್ದ. ಬೇಡವೇ ಬೇಡ. ಬೆಳ್ಳುಳ್ಳಿ ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನಾಯಿಯಲ್ಲಿ ಕೊಲೆಸ್ಟ್ರಾಲ್ ಏರಿದರೆ ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಯಂಥ ಬೇರೆ ಕಾರಣವನ್ನು ಪಶುವೈದ್ಯರು ಹುಡುಕುತ್ತಾರೆ. ಆ ಮೂಲಕ್ಕೆ ಚಿಕಿತ್ಸೆ ಕೊಡುತ್ತಾರೆ.

ಮನುಷ್ಯರಿಗೂ ಒಂದು ಎಚ್ಚರಿಕೆಯನ್ನು ಡಬ್ಬಿ ಹೇಳಿಲ್ಲ. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಡಿಲ್ಟಿಯಾಜೆಂ, ಪ್ರೊಪ್ರನೊಲಾಲ್ ಮಾತ್ರೆಗಳು ದೇಹಕ್ಕೆ ಸೇರುವುದನ್ನು ಗುಗ್ಗುಳ ಕಡಿಮೆ ಮಾಡುತ್ತದೆ. ಹೆಚ್ಚು ಬೆಳ್ಳುಳ್ಳಿಯು ರಕ್ತ ತೆಳುವಾಗಿಸುವ ಔಷಧದ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವಿದೆ. ಇಂಥ ಮಾತ್ರೆ ತೆಗೆದುಕೊಳ್ಳುವವರು ಡಬ್ಬಿಯನ್ನು ವೈದ್ಯರಿಗೆ ತೋರಿಸದೆ ಮುಚ್ಚಳ ತೆರೆಯಬೇಡಿ.

ಎರಡು ಅಂಕ ಕೊಟ್ಟಿದ್ದೇಕೆ? ಪುಡಿ ನುಣುಪಾಗಿದೆ, ಬೂಷ್ಟಿಲ್ಲ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಸ್ಪಷ್ಟವಾಗಿವೆ. ಅಷ್ಟಕ್ಕೆ.

ಈ ಅಂಗಡಿಗೆ ಹೋಗುವವರು ಮೆಂತ್ಯ ಕೊಳ್ಳಿ. ಅದರ ಲೋಳೆಯಂಥ ನಾರು ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಆ ಕೊರತೆ ತುಂಬಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ನಾಯಿಗಳಲ್ಲೂ ಮನುಷ್ಯರಲ್ಲೂ ಮೆಂತ್ಯದ ಗುಣ ಕಂಡಿದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 25 ಗ್ರಾಂ ಮತ್ತು ಅದಕ್ಕೂ ಹೆಚ್ಚು, ಚಿಟಿಕೆಯಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಅಷ್ಟು ತಿನ್ನುವ ಮೊದಲು ವೈದ್ಯರನ್ನು ಕೇಳಿ, ಸಕ್ಕರೆ ಅತಿಯಾಗಿ ಇಳಿಯಬಹುದು.

ನಾನು ಇದನ್ನೆಲ್ಲ ಹೇಳಿದಾಗ ಶೆಟ್ಟರು, ‘ಅಕ್ಕನವರೇ, ಕಂಪನಿಯವರು ತಂದಿಟ್ಟು ಹೋಗುತ್ತಾರೆ, ಜನ ಕೇಳುತ್ತಾರೆ, ಕೊಡುತ್ತೇನೆ’ ಎಂದರು. ಒಡೆಯದ ಇನ್ನೊಂದು ಡಬ್ಬಿಯನ್ನು ಮಾತ್ರ ತಕರಾರಿಲ್ಲದೆ ವಾಪಸು ಪಡೆದು ಪೂರ್ತಿ ಹಣ ಕೊಟ್ಟರು. ಬಿಲ್ ಕೇಳಿ ಪಡೆಯಿರಿ, ತಾವಾಗಿ ಬರೆಯುವುದಿಲ್ಲ.